ಚಳಿಗೆ ಮಾತ್ರ ಕೇಳಿಸುವ ಶಬ್ದ

ಇಂದಿರಾಪುರಂ, ಗಾಜಿಯಾಬಾದ್
4 ಜನವರಿ 2026, ಭಾನುವಾರ

ಪ್ರೀತಿಯ ಅಮ್ಮನಿಗೆ,

ಸ್ಫೂರ್ತಿಯ ನಮಸ್ಕಾರಗಳು. ಇದರ ಮುಂದಿನ ಸಾಲು ‘ಇತ್ತ ನಾವೆಲ್ಲ ಕ್ಷೇಮ’ ಎಂದಿರಬೇಕು. ಬೇಸಿಗೆ ರಜೆಯಲ್ಲಿ ಅಜ್ಜಿಗೆ ಕಾಗದ ಬರೆಸುವಾಗ ನೀನು ಹಾಗೇ ಕಲಿಸಿದ್ದೆ. ಈ ಸಲ ಆ ಸಾಲನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ನಿಜವೋ ಅಲ್ಲವೋ ನೋಡಿಕೊಂಡು ಬರೆಯುತ್ತೇನೆ.

ಪಾರ್ಸಲ್ಲಿನಲ್ಲಿ ಈ ಕಾಗದದ ಜೊತೆ, ಮಗಳು ಪ್ರಕೃತಿಯ ಹಳೆಯ ದುಪಟ್ಟಾದಲ್ಲಿ ಸುತ್ತಿದ ಒಂದು ಕಪ್ಪು ರಬ್ಬರ್ ಉಂಡೆ ಇದೆ. ನಡುವೆ ಕಬ್ಬಿಣದ ಕೊಳವೆ, ಸುತ್ತ ರಬ್ಬರ್. ಯಾರೋ ಕಸ ಕಳಿಸಿದ್ದಾರೆ ಎಂದು ಎಸೆಯಬೇಡ. ಅದೇನೆಂದು ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಫೋನ್ ಮಾಡಬಹುದಿತ್ತು. ಆದರೆ ನೀನು ಫೋನನ್ನು ಸ್ಪೀಕರಿಗೆ ಹಾಕಿ ಊಟದ ಮೇಜಿನ ಮೇಲಿಡುತ್ತೀ. ನಾನು ಮಾತಾಡುತ್ತಿರುವುದು ನಿನ್ನ ಜೊತೆಗೋ, ತಮ್ಮ ಆದರ್ಶನ ಜೊತೆಗೋ, ಕಾಫಿಗೆಂದು ಬಂದು ಕೂತ ನಿನ್ನ ಅಣ್ಣ ಇಂದುಶೇಖರ ಮಾವನ ಜೊತೆಗೋ ನನಗೆ ತಿಳಿಯುವುದಿಲ್ಲ. ಎದುರಿಗಿದ್ದಾಗಲೂ ನೀನು ಮುಖ್ಯವಾದದ್ದನ್ನು ಹೇಳುವುದು ರೈಲು ಹೊರಟ ಮೇಲೆಯೇ. ಕಳೆದ ಫೆಬ್ರವರಿಯಲ್ಲಿ ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಕಿಟಕಿಯ ಸರಳು ಹಿಡಿದುಕೊಂಡು ಒಂದೇ ಉಸಿರಿಗೆ ಮೂರು ಬುದ್ಧಿ ಹೇಳಿದೆ. ಸ್ವೆಟರ್ ಇಲ್ಲದೆ ಆಚೆ ಹೋಗ್ಬೇಡ. ಮಗಳ ತಲೆಗೆ ವಾರಕ್ಕೊಂದ್ಸಲ ಎಣ್ಣೆ ಹಚ್ಚು. ಬೆಳಗ್ಗೆ ಅವರು ಕೇಳೋ ಮುಂಚೇನೇ ಕಾಫಿ ಕೊಟ್ಟುಬಿಡು. ನಾನು ತಲೆಯಾಡಿಸುವಷ್ಟರಲ್ಲಿ ನಿನ್ನ ಬೋಗಿ ಪ್ಲಾಟ್‌ಫಾರಂ ದಾಟಿತ್ತು.

ಡಿಸೆಂಬರ್ ಇಪ್ಪತ್ತಾರಕ್ಕೆ ಮಾವ ಅದೇ ಸ್ಪೀಕರ್ ಫೋನಿನಲ್ಲಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ನಾನು ಸೇರಿಸಿದೆ ಎಂದು ಆಮೇಲೆ ಯಾರೂ ಅನ್ನಬಾರದು.

“ನೋಡಮ್ಮ ಸ್ಫೂರ್ತಿ, ರಘುನಂದನ್ ದೊಡ್ಡ ಮನಸ್ಸು ಮಾಡಿದಾನೆ. ಜನವರಿ ಹದಿನೆಂಟು, ಭಾನುವಾರ, ಚಾಣಕ್ಯಪುರಿಯ ನಮ್ಮ ರಾಜ್ಯದ ಗೆಸ್ಟ್‌ಹೌಸಲ್ಲಿ ಎಲ್ಲಾರೂ ಕೂರೋಣ. ನಾನೂ ನಿಮ್ಮಮ್ಮನೂ ಬರ್ತೀವಿ. ಒಂದೇ ಒಂದು ಸಲ ತಪ್ಪಾಯ್ತು ಅಂದುಬಿಡು. ಊಟ ಮಾಡ್ಕೊಂಡು ಗಂಡನ ಕ್ವಾರ್ಟರ್ಸಿಗೆ ವಾಪಸ್ ಹೋಗು. ಮುಗೀತು.”

ಮಾವ ಮುಂದುವರಿಸಿದರು. “ಕಾರಲ್ಲಿ ಏನೋ ಶಬ್ದ ಕೇಳಿಸ್ತದಂತಲ್ಲ ನಿನಗೆ? ಕಂಪನಿಯವರೇ ಇಲ್ಲ ಅಂದ್ರಂತೆ. ರಘು ಹೇಳಿದ. ಅಲ್ಲಮ್ಮ, ಕಾರಲ್ಲಿ ಇಲ್ಲದ ಶಬ್ದ ಕೇಳೋಳಿಗೆ ಮನೇಲಿ ಆಡದ ಮಾತು ಕೇಳಿಸಲ್ವಾ?”

ಹಿಂದೆ ಯಾರೋ ನಕ್ಕರು. ನಕ್ಕದ್ದು ನೀನಲ್ಲ, ನಿನ್ನ ನಗು ನನಗೆ ಗೊತ್ತು. ಆದರೆ ನೀನು ಏನೂ ಹೇಳಲೂ ಇಲ್ಲ.

ಒಂಬತ್ತು ದಿನ ನಾನು ಯಾರ ಫೋನನ್ನೂ ಎತ್ತಲಿಲ್ಲ. ಸಿಟ್ಟಿಗಲ್ಲ. ಮಾವನ ಪ್ರಶ್ನೆ ನ್ಯಾಯವಾಗಿದೆ ಅನ್ನಿಸಿತು, ಅದಕ್ಕೆ. ನನ್ನ ಕೆಲಸ ನಿನಗೆ ಗೊತ್ತಲ್ಲ. ಆರೋಗ್ಯ ವಿಮೆಯ ಆಫೀಸಿನಲ್ಲಿ ಕೂತು ಜನ ಹೇಳುವ ನೋವನ್ನು ನಂಬಬೇಕೋ ಬೇಡವೋ ಎಂದು ದಿನವಿಡೀ ತೀರ್ಮಾನಿಸುವವಳು ನಾನು. ಪುರಾವೆ ಕೇಳುವುದು ನನಗೆ ಅಭ್ಯಾಸ. ಹಾಗಾಗಿ ನನ್ನಿಂದಲೇ ಪುರಾವೆ ಕೇಳಿದೆ. ಮನೆಯ ಮಾತು ಆಮೇಲಾಗಲಿ, ಮೊದಲು ಕಾರಿನ ಶಬ್ದ ಇದೆಯೋ ಇಲ್ಲವೋ ತೀರ್ಮಾನವಾಗಲಿ ಎಂದುಕೊಂಡೆ.

ಆಗಸ್ಟಿನಲ್ಲಿ ರಘುನಂದನ್ ಅವರ ಸರ್ಕಾರಿ ಕ್ವಾರ್ಟರ್ಸಿನಿಂದ ಪ್ರಕೃತಿಯನ್ನು ಕರೆದುಕೊಂಡು ಇಲ್ಲಿಗೆ ಬರುವಾಗ ನಾನು ತಂದದ್ದು ಬಟ್ಟೆ, ಪುಸ್ತಕ, ಕುಕ್ಕರ್ ಮತ್ತು ನನ್ನ ಹೆಸರಿನಲ್ಲಿರುವ ಆ ಹಳೆಯ ಬಿಳಿ ಕಾರು. ಈ ಸೊಸೈಟಿಯಲ್ಲಿ ಬಾಡಿಗೆಯವರಿಗೆ ನೆಲಮಾಳಿಗೆಯ ಪಾರ್ಕಿಂಗ್ ಕೊಡುವುದಿಲ್ಲ. ನಮ್ಮ ಕಾರು ಬಯಲಲ್ಲಿ, ಬೇವಿನ ಮರದಡಿ ನಿಲ್ಲುತ್ತದೆ. ನವೆಂಬರ್ ಕೊನೆಗೆ ಚಳಿ ಶುರುವಾಯಿತು. ಪ್ರಕೃತಿಗೆ ಲಕ್ಷ್ಮೀ ನಗರದಲ್ಲಿ ಬೆಳಗ್ಗೆ ಏಳಕ್ಕೆ ಸಿ.ಎ. ಕೋಚಿಂಗ್. ಆರೂಕಾಲಿಗೆ ಹೊರಡುತ್ತೇವೆ. ಒಂದು ಬೆಳಗ್ಗೆ ಗೇಟಿನ ಸ್ಪೀಡ್ ಬ್ರೇಕರ್ ಹತ್ತಿ ಇಳಿಯುವಾಗ ಎಡಗಡೆಯ ಮುಂದಿನ ಚಕ್ರದ ಕಡೆಯಿಂದ ಹಳೆಯ ಮಂಚದಲ್ಲಿ ಯಾರೋ ಮಗ್ಗುಲಾದಂತೆ ಕಿರ್ರೆಂದಿತು. ಮುಂದೆ ತಿರುವಿನಲ್ಲಿ ಟಕ್ ಎಂದು ಒಂದು ಏಟು. ಹೈವೇ ಹಿಡಿದು ಅಕ್ಷರಧಾಮ ದಾಟುವಷ್ಟರಲ್ಲಿ ಎರಡೂ ಮಾಯ.

ಮರುದಿನವೂ ಹಾಗೇ. ಅದರ ಮರುದಿನವೂ.

ಶನಿವಾರ ಸರ್ವಿಸ್ ಸೆಂಟರಿಗೆ ಒಯ್ದೆ. ಅವರು ಬಾಗಿಲು ತೆಗೆಯುವುದು ಹತ್ತಕ್ಕೆ. ನನ್ನ ಸರದಿ ಬಂದಾಗ ಹನ್ನೊಂದೂವರೆ, ಒಳ್ಳೆಯ ಬಿಸಿಲು. ಟ್ಯಾಬ್ಲೆಟ್ ಹಿಡಿದ ಒಬ್ಬ ಸಭ್ಯ ಹುಡುಗ ಕಾರನ್ನು ಎರಡು ಸುತ್ತು ಓಡಿಸಿದ. “ಮ್ಯಾಮ್, ಕುಛ್ ಭೀ ನಹೀಂ ಹೈ,” ಏನೂ ಇಲ್ಲ ಎಂದ. ಕೈಗೆ ಕೊಟ್ಟ ಹಾಳೆಯಲ್ಲಿ ‘ಕಸ್ಟಮರ್ ಪರ್ಸೆಪ್ಶನ್’ ಎಂದು ಟೈಪ್ ಮಾಡಿತ್ತು. ಗಿರಾಕಿಗೆ ಹಾಗನ್ನಿಸುತ್ತದೆ, ಅಷ್ಟೇ. ಮುಂದಿನ ವಾರ ಮತ್ತೆ ಹೋದೆ. ಮತ್ತೆ ಅದೇ ಹುಡುಗ, ಅದೇ ಬಿಸಿಲು, ಅದೇ ಹಾಳೆ. ಈ ಸಲ ಅವನು ಮೆಲ್ಲಗೆ, “ಮ್ಯಾಮ್, ಒಂದು ಸಲ ಸರ್ ಅವರನ್ನೂ ಕರೆದುಕೊಂಡು ಬನ್ನಿ,” ಎಂದ.

ಈಗ ಹೇಳುವ ಎರಡು ಸಂಗತಿಗಳನ್ನು ನಾನು ಯಾರಿಗೂ ಹೇಳಿಲ್ಲ. ಒಂದು, ಕಿವಿ ಡಾಕ್ಟರ ಹತ್ತಿರ ಹೋಗಿ ಗಾಜಿನ ಗೂಡಿನಲ್ಲಿ ಕೂತು ಶ್ರವಣ ಪರೀಕ್ಷೆ ಮಾಡಿಸಿಕೊಂಡೆ. ಎರಡು ಕಿವಿಯೂ ಸರಿ ಇವೆ. ಇನ್ನೊಂದು, ನಾನು ನಿಜವಾಗಿಯೂ ಸರ್ ಅವರನ್ನು ಕರೆದೆ.

ಹೌದು ಅಮ್ಮ. ಮನೆ ಬಿಟ್ಟು ನಾಲ್ಕು ತಿಂಗಳಾದ ಮೇಲೆ, ನನ್ನ ಕಾರಿನ ಶಬ್ದ ಕೇಳಿಸಿಕೊಳ್ಳಿ ಎಂದು ರಘುನಂದನ್ ಅವರಿಗೆ ನಾನೇ ಫೋನ್ ಮಾಡಿದೆ. ಯಾಕೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಗಂಡಸು ಹೇಳಿದರೆ ನಂಬುತ್ತಾರೆ ಎಂದೋ, ಅವರಿಗೂ ಕೇಳಿಸಿದರೆ ನನಗೆ ಹುಚ್ಚಿಲ್ಲ ಎಂದು ಅವರ ಬಾಯಿಂದಲೇ ಬರುತ್ತದೆ ಎಂದೋ. ಅವರು ಬಂದರು, ಖುಷಿಯಿಂದಲೇ. ಮಧ್ಯಾಹ್ನ ಹನ್ನೆರಡಕ್ಕೆ. ಕಾರು ಓಡಿಸಿದರು, ಕಿಟಕಿ ಇಳಿಸಿ ಕಿವಿಗೊಟ್ಟರು, ಇಳಿದು ಹುಡುಗನ ಹೆಗಲ ಮೇಲೆ ಕೈಯಿಟ್ಟರು. “ಕ್ಯಾ ಕರೇಂ ಭಾಯ್, ಮೇಡಂಗೆ ಶಬ್ದಗಳು ಕೇಳಿಸುತ್ತಿರುತ್ತವೆ,” ಎಂದರು. ಇಬ್ಬರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, ಎಂದಿನ ಆ ತಗ್ಗಿದ ದನಿಯಲ್ಲಿ, “ಅವನ ಟೈಮ್ ಹಾಳು ಮಾಡಿದ್ದೀಯ. ಸಾರಿ ಹೇಳು,” ಎಂದರು.

ನಾನು ಸಾರಿ ಹೇಳಿದೆ. ನಲವತ್ನಾಲ್ಕು ವರ್ಷದ ಹೆಂಗಸು, ಸರ್ವಿಸ್ ಸೆಂಟರಿನ ಹುಡುಗನಿಗೆ, ಸಾರಿ ಎಂದೆ. ಹುಡುಗನೇ ನಾಚಿಕೊಂಡ.

ಆ ಸುದ್ದಿ ನಾನು ಹೇಳುವ ಮೊದಲೇ ದಾವಣಗೆರೆಗೆ, ನಿಮ್ಮ ಮನೆಗೆ, ಮುಟ್ಟಿತ್ತು. ಅದಕ್ಕೇ ಮಾವನ ಆ ಪ್ರಶ್ನೆ.

ಮಾವನ ಫೋನಿನ ಮರುದಿನದಿಂದ ಒಂದು ನೋಟ್‌ಬುಕ್ ಇಟ್ಟೆ. ದಿನಾಂಕ, ಎಷ್ಟು ಡಿಗ್ರಿ, ಯಾವ ಉಬ್ಬು, ಯಾವ ತಿರುವು, ಕೇಳಿಸಿತೋ ಇಲ್ಲವೋ. ಒಂದು ದಿನ ಹನ್ನೆರಡು ಡಿಗ್ರಿ ಇತ್ತು, ಶಬ್ದ ಇರಲಿಲ್ಲ. ಇಲ್ಲ ಎಂದೇ ಬರೆದೆ. ಪ್ರಕೃತಿ ಪಕ್ಕದಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿರುತ್ತಾಳೆ. ಅವಳನ್ನು ನಾನು ಕೇಳಿರಲೇ ಇಲ್ಲ, ಮಗುವನ್ನು ಸಾಕ್ಷಿ ಮಾಡಬಾರದು ಎಂದು. ನಾಲ್ಕನೆಯ ದಿನ ಅವಳೇ ನೋಟ್‌ಬುಕ್ ತೆಗೆದು ನೋಡಿದಳು. “ಮಮ್ಮಾ, ಬರೀ ಉಬ್ಬು, ತಿರುವು ಬರ್ದಿದೀಯ. ಮದರ್ ಡೇರಿ ಹಾಲಿನ ಬೂತ್ ಮುಂದಿನ ಗುಂಡೀಲೂ ಆಗತ್ತೆ. ನಂಗೆ ಕೇಳ್ಸಲ್ಲ, ಬಟ್ ಪೈರ್ ಮೇಂ ಲಗ್ತಾ ಹೈ,” ಎಂದಳು. ಕಿವಿ ಮುಚ್ಚಿಕೊಂಡವಳಿಗೆ ಪಾದಕ್ಕೆ ತಿಳಿಯುತ್ತಿತ್ತು. ಸಾಲು ತಿದ್ದಿದೆ.

ನಮ್ಮ ಆಫೀಸಿನ ಕ್ಯಾಬ್ ಡ್ರೈವರ್ ಒಬ್ಬರು ವೈಶಾಲಿಯ ಕಡೆ ಫ್ಲೈಓವರ್ ಪಕ್ಕದಲ್ಲಿ ಶೆಡ್ ಹಾಕಿಕೊಂಡಿರುವ ಇರ್ಷಾದ್ ಭಾಯ್ ಎಂಬ ಮೆಕ್ಯಾನಿಕ್ ಬಗ್ಗೆ ಹೇಳಿದರು. ವಯಸ್ಸು ಅರವತ್ತರ ಹತ್ತಿರ, ಗೋರಂಟಿ ಹಚ್ಚಿದ ಗಡ್ಡ. ಶುಕ್ರವಾರ ಸಂಜೆ ಹೋದೆ. ಸರ್ವಿಸ್ ಸೆಂಟರಿನ ಹುಡುಗ ಕೇಳಿದ್ದು ‘ಎಂಥ ಶಬ್ದ’ ಎಂದು. ಈ ಮನುಷ್ಯ ಕೇಳಿದ ಮೊದಲ ಪ್ರಶ್ನೆ, “ಕಬ್ ಆತೀ ಹೈ?” ಯಾವಾಗ ಬರುತ್ತದೆ?

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ನೋಟ್‌ಬುಕ್ ಕೊಟ್ಟೆ. ಅವರು ಕನ್ನಡಕ ಹಣೆಗೇರಿಸಿ, ಅಂಕಿಗಳ ಮೇಲೆ ಎಣ್ಣೆಗೈಯ ಬೆರಳಾಡಿಸುತ್ತ ನಿಧಾನಕ್ಕೆ ಓದಿದರು. ಕಾರಿನ ಬಾನೆಟ್ ಮುಟ್ಟಿ ನೋಡಿದರು. ಓಡಿಸಿಕೊಂಡು ಬಂದಿದ್ದೆ, ಬಿಸಿಯಿತ್ತು. “ಗರಂ ಗಾಡಿ ಝೂಠ್ ಬೋಲ್ತೀ ಹೈ, ಮ್ಯಾಡಂ ಜೀ,” ಎಂದರು. ಬಿಸಿ ಗಾಡಿ ಸುಳ್ಳು ಹೇಳುತ್ತದಂತೆ. ಕೀ ಇಲ್ಲೇ ಬಿಟ್ಟು ಹೋಗಿ, ಬೆಳಗಿನವರೆಗೂ ಇದನ್ನು ಯಾರೂ ಮುಟ್ಟುವುದಿಲ್ಲ, ಸೂರ್ಯ ಏಳುವ ಮೊದಲು ಬನ್ನಿ, ಎಂದರು.

ನಿನ್ನೆ, ಶನಿವಾರ, ಪ್ರಕೃತಿ ಕ್ಲಾಸಿಗೆ ಚಕ್ಕರ್ ಹೊಡೆದು ನನ್ನ ಜೊತೆ ಹೊರಟಳು. ಬೈಯಬೇಡ. ಐದು ಡಿಗ್ರಿ. ಆಟೋದ ಎರಡೂ ಬದಿಗೆ ಮಂಜು, ಎದುರಿನ ಕಂಬ ಕಾಣುತ್ತಿರಲಿಲ್ಲ. ಇರ್ಷಾದ್ ಭಾಯ್ ಮಂಕಿ ಕ್ಯಾಪ್ ಹಾಕಿಕೊಂಡು ನಮಗಿಂತ ಮೊದಲೇ ಬಂದು ನಿಂತಿದ್ದರು. ನನಗೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. ಶೆಡ್ಡಿನಿಂದ ಮೂವತ್ತು ಹೆಜ್ಜೆಯಲ್ಲೇ ಒಂದು ಉಬ್ಬು.

ಅಮ್ಮ, ಆ ಮೂವತ್ತು ಹೆಜ್ಜೆ ನನ್ನ ಎದೆ ಹೊಡೆದುಕೊಂಡಂತೆ ಪ್ರಕೃತಿಯ ಹೆರಿಗೆಯಲ್ಲೂ ಹೊಡೆದುಕೊಂಡಿರಲಿಲ್ಲ. ಶಬ್ದ ಬಾರದೇ ಹೋದರೆ? ಹಾಳಾದ ಕಾರು ಹಾಳಾಗಿರಲಿ ಎಂದು ಯಾರಾದರೂ ಬೇಡಿಕೊಳ್ಳುತ್ತಾರೆಯೇ? ನಾನು ಬೇಡಿಕೊಂಡೆ.

ಕಿರ್ರ್. ಆಮೇಲೆ ಟಕ್.

“ಆ ಗಯೀ ಮಹಾರಾಣಿ,” ಎಂದರು ಇರ್ಷಾದ್ ಭಾಯ್, ಕಣ್ಣು ತೆರೆಯದೆ. ಬಂದಳು ಮಹಾರಾಣಿ. ಹಿಂದಿನ ಸೀಟಿನಲ್ಲಿ ಪ್ರಕೃತಿ, “ಮಮ್ಮಾ, ಹೀ ಹರ್ಡ್ ಇಟ್! ಅಂಕಲ್ ನೇ ಸುನಾ!” ಅಂಕಲ್ಲಿಗೂ ಕೇಳಿಸಿತು ಎಂದು ಕಿರುಚಿದಳು.

ಕಾರನ್ನು ಹಿಂದಕ್ಕೆ ತಂದು ಜಾಕ್ ಕೊಟ್ಟರು. ಗೋಣಿತಾಟು ಹಾಸಿ ಅಡಿಗೆ ಹೋದರು. ಚಕ್ರವನ್ನು ಕಾರಿನ ಮೈಗೆ ಹಿಡಿದಿಡುವ ಒಂದು ಕಬ್ಬಿಣದ ತೋಳಿದೆ. ಲೋವರ್ ಆರ್ಮ್ ಎನ್ನುತ್ತಾರೆ. ಅದು ಮೈಗೆ ಸೇರುವಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗದಿರಲೆಂದು ನಡುವೆ ರಬ್ಬರಿನ ಬುಶ್ ಇರುತ್ತದೆ. ನಿನ್ನ ಹತ್ತಿರ ಈಗ ಇರುವುದು ಅದೇ. ಅದರಲ್ಲಿ ಸೀಳು ಬಿಟ್ಟಿದೆ. ಬೆಚ್ಚಗಿದ್ದಾಗ ರಬ್ಬರ್ ಮೆತ್ತಗಾಗಿ ಸೀಳು ಮುಚ್ಚಿಕೊಂಡು ಏನೂ ಆಗಿಲ್ಲವೆಂಬಂತೆ ಇರುತ್ತದೆ. ಚಳಿಗೆ ಕಲ್ಲಾದಾಗ ಬಾಯಿ ತೆರೆಯುತ್ತದೆ.

ಇದನ್ನು ಹೇಳಿದರೆ ಸಾಲದು, ತೋರಿಸುತ್ತೇನೆ ಎಂದರು. ಪಕ್ಕದ ಚಹಾ ಗೂಡಿನಿಂದ ಕೆಟಲಿನಲ್ಲಿ ಕುದಿನೀರು ತಂದು ಆ ಬುಶ್ಶಿನ ಮೇಲೆ ಹೊಯ್ದರು. ಹಬೆ ಎದ್ದಿತು. ಎರಡು ನಿಮಿಷ ಬಿಟ್ಟು ಜಾಕ್ ಇಳಿಸಿ, ಈಗ ಓಡಿಸಿ ಎಂದರು. ಅದೇ ಉಬ್ಬು, ಅದೇ ವೇಗ. ಶಬ್ದವಿಲ್ಲ. ಕಾರು ಹೊಸ ಮದುಮಗನಂತೆ ಬಾಗಿ ಎದ್ದಿತು. ಇಪ್ಪತ್ತು ನಿಮಿಷ ಚಹಾ ಕುಡಿಯುತ್ತ ಕಾದೆವು. ನೀರು ಆರಿ, ರಬ್ಬರ್ ಮತ್ತೆ ತಣ್ಣಗಾಯಿತು. ಮತ್ತೆ ಉಬ್ಬು. ಕಿರ್ರ್. ಟಕ್.

ನಾನು ಅಲ್ಲಿದ್ದ ಹಳೆಯ ಟಯರಿನ ಮೇಲೆ ಕೂತುಬಿಟ್ಟೆ. ನನಗೆ ಅಳು ಬರಲಿಲ್ಲ. ನಗು ಬಂತು, ನಿಲ್ಲಲಿಲ್ಲ. ಇರ್ಷಾದ್ ಭಾಯ್ ಗಾಬರಿಯಾಗಿ ಪ್ರಕೃತಿಯ ಮುಖ ನೋಡಿದರು. ಅವಳು, “ಕುಛ್ ನಹೀಂ ಅಂಕಲ್, ಹೋ ಜಾತಾ ಹೈ,” ಏನಿಲ್ಲ, ಹೀಗಾಗುತ್ತಿರುತ್ತದೆ ಎಂದಳು. ಅಂಗಡಿಗಳು ತೆರೆದ ಮೇಲೆ ಇರ್ಷಾದ್ ಭಾಯ್ ಹೊಸ ಬುಶ್ ತರಿಸಿ ಹಾಕಿ, ಹಳೆಯದನ್ನು ನನ್ನ ಕೈಗಿಟ್ಟರು.

ಆ ಕೆಟಲನ್ನು ನೋಡುತ್ತ ನನಗೆ ಯಾರ ನೆನಪಾಯಿತು ಎಂದು ಬರೆಯಬೇಕೋ ಬೇಡವೋ ಎಂದು ಪೆನ್ನು ಕೆಳಗಿಟ್ಟು ಒಂದು ಲೋಟ ನೀರು ಕುಡಿದು ಬಂದೆ. ಬರೆಯುತ್ತೇನೆ. ಇಲ್ಲಿಯವರೆಗೆ ನಿನಗೆ ನಾನು ‘ಹೊಂದಿಕೆಯಾಗುತ್ತಿಲ್ಲ’ ಎಂದಷ್ಟೇ ಹೇಳಿದ್ದೇನೆ. ಅದು ಸರ್ವಿಸ್ ಸೆಂಟರಿನ ಹಾಳೆಯಂಥ ಮಾತು.

ಬೆಳಗ್ಗೆ ಆರಕ್ಕೆ ನಾನು ಕಾಫಿ ಲೋಟ ಹಿಡಿದು ನಿಲ್ಲುತ್ತಿದ್ದೆ. ರಘುನಂದನ್ ಲೋಟ ತೆಗೆದುಕೊಳ್ಳುತ್ತಿರಲಿಲ್ಲ. ಅಡುಗೆಕಟ್ಟೆಗೆ ಒರಗಿ, ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಹಿಂದಿನ ದಿನದ ನನ್ನ ತಪ್ಪುಗಳನ್ನು ಹೇಳುತ್ತಿದ್ದರು. ಗೀಸರ್ ಆರಿಸದೆ ಬಿಟ್ಟದ್ದು. ಅವರ ಮೇಲಧಿಕಾರಿಯ ಹೆಂಡತಿಯ ಎದುರು ಜೋರಾಗಿ ನಕ್ಕದ್ದು. ದನಿ ಎಂದೂ ಏರುತ್ತಿರಲಿಲ್ಲ, ಕೈ ಎಂದೂ ಏಳಲಿಲ್ಲ. ಕೊನೆಗೆ ನಾನು ತಪ್ಪಾಯ್ತು ಎನ್ನಬೇಕು. ಮೂರು ಸಲ. ಮೊದಲನೆಯದು ಬಾಯಿಮಾತಿನದು, ಎರಡನೆಯದರಲ್ಲಿ ಇನ್ನೂ ಸಿಟ್ಟಿದೆ, ಮೂರನೆಯದು ಆಗಬಹುದು. ಆಮೇಲೆ ಲೋಟಕ್ಕೆ ಬೆರಳು ತಾಗಿಸಿ, “ಆರಿದೆ. ಬೇರೆ ಮಾಡು.” ಏಳಕ್ಕೆ ಅವರು ವಾಕಿಂಗಿಗೆ ಇಳಿದು ಕಾಲೋನಿಯ ಎಲ್ಲರಿಗೂ ನಮಸ್ಕಾರ ಹೇಳುತ್ತಿದ್ದರು. ಹೀಗೆ ಒಂಬತ್ತು ವರ್ಷ.

ನಾನು ಸುಲಭದ ಹೆಂಗಸಲ್ಲ, ಅದೂ ಗೊತ್ತು. ಬೇಸರವಾದರೆ ನಾಲ್ಕು ದಿನ ಮಾತು ಬಿಡುತ್ತೇನೆ. ಜನರ ಇಂಗ್ಲಿಷ್ ತಿದ್ದುತ್ತೇನೆ, ಅವರದನ್ನೂ ತಿದ್ದಿದ್ದೇನೆ, ನಾಲ್ವರ ಎದುರು. ಗೀಸರನ್ನು ನಿಜವಾಗಿಯೂ ಆರಿಸುತ್ತಿರಲಿಲ್ಲ. ಇವನ್ನೆಲ್ಲ ಒಂದು ಕಡೆ ಕೂಡಿಸಿ ತೂಗಿ ನೋಡಿದ್ದೇನೆ. ಎಷ್ಟು ತೂಗಿದರೂ ದಿನಕ್ಕೆ ಮೂರು ತಪ್ಪಾಯ್ತು ಆಗುವುದಿಲ್ಲ.

ಕಳೆದ ಫೆಬ್ರವರಿಯಲ್ಲಿ ನೀನು ಬಂದೆಯಲ್ಲ, ನನ್ನ ಕಣ್ಣಾರೆ ನೋಡ್ತೀನಿ ಎಂದು. ಇಪ್ಪತ್ತೆರಡು ದಿನ ಇದ್ದೆ. ರಘುನಂದನ್ ತಾವೇ ಸ್ಟೇಷನ್ನಿಗೆ ಬಂದು ನಿನಗೆ ಶಾಲು ಹೊದಿಸಿದರು. ನಿನ್ನ ಜೊತೆ ಕೂತು ಬಟಾಣಿ ಸುಲಿದರು. “ಅತ್ತೆ, ನಿಮ್ಮ ಕೈ ಸಾರು ತಿಂದ ಮೇಲೆ ಇವಳ ಸಾರು ಇಳಿಯಲ್ಲ,” ಎಂದು ನಿನ್ನನ್ನು ನಗಿಸಿದರು. ಐದಕ್ಕೇ ಎದ್ದು ಎಲ್ಲರಿಗೂ ಕಾಫಿ ಬೆರೆಸುತ್ತಿದ್ದವಳು ನೀನು. ಲೋಟ ಹಿಡಿದು ನಿಲ್ಲುವ ಕೆಲಸವೇ ನನಗಿರಲಿಲ್ಲ. ಹೊರಡುವ ಹಿಂದಿನ ದಿನ ಮಾತ್ರ ನಿನಗೆ ಜ್ವರ, ಮಾತ್ರೆ ನುಂಗಿ ಮಲಗಿದ್ದೆ. ಆರಕ್ಕೆ ಲೋಟ ಮತ್ತೆ ನನ್ನ ಕೈಗೆ ಬಂದಿತ್ತು. ಎಂಟಕ್ಕೆ ಎದ್ದು ಬಂದು ಒಳ್ಳೆ ನಿದ್ದೆ ಬಂತು ಎಂದೆ. ಊರಿಗೆ ಹೋಗಿ ಎಲ್ಲರಿಗೂ, ಅಳಿಯ ಚಿನ್ನ, ಇವಳಿಗೇ ಏನೋ ಅನ್ನಿಸ್ತಿರಬೇಕು ಎಂದೆಯಂತೆ. ಆದರ್ಶ ಹೇಳಿದ.

ನಿನ್ನ ತಪ್ಪಲ್ಲ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ನೀನು ಹನ್ನೊಂದೂವರೆಯ ಬಿಸಿಲಲ್ಲಿ ನೋಡಿದೆ. ಆದರೆ ಮೂವತ್ತು ವರ್ಷ ಟೀಚರಾಗಿದ್ದವಳು ನೀನು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಹತ್ತು ಸಲ ಬರೆಸುತ್ತಿದ್ದೆ. ನಮ್ಮ ಕಾನ್ವೆಂಟಿನಲ್ಲಿ ಅಂಥದ್ದೇನೂ ಕಲಿಸಲಿಲ್ಲ. ನಾನು ಕಲಿತದ್ದು ನಿನ್ನಿಂದ.

ನಿನ್ನೆ ಮನೆಗೆ ಬಂದ ಮೇಲೆ ಪ್ರಕೃತಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಮುಖ ಕಾಣದಿದ್ದರೆ ಮಕ್ಕಳು ಹೆಚ್ಚು ಮಾತಾಡುತ್ತವೆ. ಅವಳು ಹೇಳಿದಳು: ಕ್ವಾರ್ಟರ್ಸಿನಲ್ಲಿ ಅವಳು ಅಲಾರಂ ಇಡುತ್ತಿದ್ದದ್ದು ಐದು ಐವತ್ತೈದಕ್ಕಂತೆ. ಎದ್ದು ಓದುವುದಕ್ಕಲ್ಲ. ಇಯರ್‌ಫೋನ್ ಹಾಕಿಕೊಂಡು ಮತ್ತೆ ಮಲಗುವುದಕ್ಕೆ. “ಆರರಿಂದ ಏಳರವರೆಗೂ ಹಾಡು ಹಾಕ್ಕೊಂಡ್ರೆ ಸಾಕಿತ್ತು ಮಮ್ಮಾ. ಫಿರ್ ಭೀ ಪತಾ ಚಲ್ತಾ ಥಾ,” ಎಂದಳು. ಆದರೂ ತಿಳಿಯುತ್ತಿತ್ತು. ನನ್ನ ಕೈ ನಿಂತಿತು. “ಎಣ್ಣೆ ಹಚ್ಚು, ನಿಲ್ಲಿಸಬೇಡ,” ಎಂದಳು.

ಮಗುವನ್ನು ಸಾಕ್ಷಿ ಮಾಡಬಾರದು ಎಂದು ನಾನು ಕಾಯುತ್ತಿದ್ದೆ. ಅವಳು ಎಂಟನೆಯ ವಯಸ್ಸಿನಿಂದ ಸಾಕ್ಷಿಯಾಗಿದ್ದಳು.

ಹಾಗಾಗಿ ನನ್ನ ಉತ್ತರ ಇದು. ಹದಿನೆಂಟಕ್ಕೆ ನಾನು ಚಾಣಕ್ಯಪುರಿಗೆ ಬರುವುದಿಲ್ಲ. ಊಟಕ್ಕೂ ಬರುವುದಿಲ್ಲ, ಗೇಟಿನವರೆಗೂ ಬರುವುದಿಲ್ಲ. ಒಂದೇ ಒಂದು ಸಲ ಎಂದು ಮಾವ ಕೇಳುತ್ತಾರೆ. ನಾನು ಆ ಮಾತನ್ನು ದಿನಕ್ಕೆ ಮೂರರಂತೆ ಒಂಬತ್ತು ವರ್ಷ ಹೇಳಿದ್ದೇನೆ, ಮೇಲೆ ಒಂದು ಸರ್ವಿಸ್ ಸೆಂಟರಿನಲ್ಲಿ. ನನ್ನ ಹತ್ತಿರ ಇದ್ದ ದಾಸ್ತಾನು ಮುಗಿದಿದೆ. ರಘುನಂದನ್ ಅವರ ದೊಡ್ಡ ಮನಸ್ಸು ಅವರ ಹತ್ತಿರವೇ ಇರಲಿ. ಮಗಳನ್ನು ಅವರು ಯಾವ ಭಾನುವಾರ ಬೇಕಾದರೂ ನೋಡಬಹುದು, ಅವಳಿಗೆ ಮನಸ್ಸಿದ್ದರೆ. ಉಳಿದದ್ದನ್ನು ವಕೀಲರು ಬರೆಯುತ್ತಾರೆ. ಕಾರನ್ನು ಮಾರುವುದಿಲ್ಲ.

ಮಾವನ ಪ್ರಶ್ನೆಗೂ ಉತ್ತರ ಹೇಳಿಬಿಡು. ಕಾರಿನಲ್ಲಿ ಶಬ್ದ ಇತ್ತು. ಅದು ಹಾಗೇ ಇದ್ದಿದ್ದರೆ ಹೈವೇಯಲ್ಲಿ ಜೋರಾಗಿ ಬ್ರೇಕ್ ಹಾಕಿದ ದಿನ ಗಾಡಿ ಪಕ್ಕದ ಲಾರಿಯ ಕಡೆಗೆ ಎಳೆದುಬಿಡುತ್ತಿತ್ತು ಎಂದು ಇರ್ಷಾದ್ ಭಾಯ್ ಹೇಳಿದರು. ಆ ಎಡಗಡೆಯ ಸೀಟಿನಲ್ಲಿ ಕೂರುವುದು ನಿನ್ನ ಮೊಮ್ಮಗಳು. ಬುಶ್ಶನ್ನು ಮಾವನ ಕೈಗೆ ಕೊಡು. ದಾವಣಗೆರೆಯ ಬೆಚ್ಚನೆಯ ಹವೆಯಲ್ಲಿ ಅದು ಮೆತ್ತಗೆ, ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಅವರು ಹಾಗೇ ಅನ್ನುತ್ತಾರೆ ಕೂಡ. ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಗ್ಗೆ ಬಗ್ಗಿಸಿ ನೋಡಲು ಹೇಳು. ಆದರ್ಶನ ಹೆಂಡತಿ ಐಸ್‌ಕ್ರೀಮಿನ ಪಕ್ಕ ಇದೇನಿದು ಎಂದು ಕೂಗಾಡಿದರೆ ನನ್ನ ಹೆಸರು ಹೇಳು. ಹೇಗೂ ಎಲ್ಲದಕ್ಕೂ ನನ್ನ ಹೆಸರಿದೆ.

ನೀನು ಬರುವುದನ್ನು ಬೇಡ ಎನ್ನುತ್ತಿಲ್ಲ. ಟಿಕೆಟ್ ಆಗಿದೆ, ಬಾ. ಹದಿನೇಳರ ಬೆಳಗ್ಗೆ ನಾನು ನಿಜಾಮುದ್ದೀನ್ ಸ್ಟೇಷನ್ನಿನ ಹೊರಗೆ ಕಾರಿಟ್ಟುಕೊಂಡು ನಿಂತಿರುತ್ತೇನೆ. ಮಾವ ಟ್ಯಾಕ್ಸಿ ಹಿಡಿದು ಚಾಣಕ್ಯಪುರಿಗೆ ಹೋಗಲಿ. ನೀನು ಅವರ ಜೊತೆ ಹೋಗುತ್ತೀಯೋ, ನನ್ನ ಕಾರು ಹತ್ತುತ್ತೀಯೋ, ಅದು ನಿನ್ನ ತೀರ್ಮಾನ. ನಾನು ಕೈ ಹಿಡಿದು ಎಳೆಯುವುದಿಲ್ಲ. ಹತ್ತು ನಿಮಿಷ ಕಾಯುತ್ತೇನೆ, ಆಮೇಲೆ ಹೊರಡುತ್ತೇನೆ. ಅಲ್ಲಿ ಹೆಚ್ಚು ಹೊತ್ತು ನಿಲ್ಲಿಸಿದರೆ ಪೊಲೀಸರು ಬಿಡುವುದಿಲ್ಲ.

ಇವತ್ತು ಬೆಳಗ್ಗೆ ಆರು ಡಿಗ್ರಿ. ಭಾನುವಾರ, ಹೋಗುವ ಕೆಲಸವೇನೂ ಇರಲಿಲ್ಲ. ಆದರೂ ಆರೂಕಾಲಿಗೆ ಎದ್ದು ಒಬ್ಬಳೇ ಕೆಳಗಿಳಿದು, ಗಾಜಿನ ಮೇಲಿನ ಇಬ್ಬನಿ ಒರೆಸಿ, ಗೇಟಿನ ಉಬ್ಬಿನ ಮೇಲೆ ಮೂರು ಸಲ ಹತ್ತಿಸಿ ಇಳಿಸಿದೆ. ವಾಚ್‌ಮನ್, “ಕ್ಯಾ ಹುವಾ ಮ್ಯಾಡಂ ಜೀ, ಕುಛ್ ಗಿರ್ ಗಯಾ?” ಎಂದು ಕೇಳಿದ. ಏನೂ ಬಿದ್ದಿಲ್ಲ ಭಯ್ಯಾ ಎಂದೆ. ಸಿಮೆಂಟಿನ ಮೇಲೆ ಟಯರು ಉರುಳುವ ಸದ್ದು, ಮರದಲ್ಲಿ ಪಾರಿವಾಳ. ಅಷ್ಟೇ.

ಇತ್ತ ಪ್ರಕೃತಿಯೂ ನಾನೂ ಕ್ಷೇಮ. ಚಳಿಯಲ್ಲೇ ಪರೀಕ್ಷಿಸಿ ಬರೆದಿದ್ದೇನೆ.

ನಿನ್ನ ಮಗಳು,
ಸ್ಫೂರ್ತಿ

ಮತ್ತೆ ಒಂದು ಮಾತು: ರೈಲಿನ ಕಿಟಕಿಯಿಂದ ನೀನು ಹೇಳಿದ ಮೂರು ಬುದ್ಧಿಗಳಲ್ಲಿ ಸ್ವೆಟರಿನದನ್ನೂ ಎಣ್ಣೆಯದನ್ನೂ ಪಾಲಿಸುತ್ತಿದ್ದೇನೆ. ಮೂರನೆಯದರ ಬಗ್ಗೆ ಈ ಕಾಗದ ಬರೆಯುತ್ತಿರುವಾಗ ಯೋಚಿಸಿದೆ. ಕಾಫಿಯ ವಿಷಯ ನಾನು ನಿನಗೆ ಹೇಳುತ್ತಿರುವುದು ಇದೇ ಮೊದಲು. ಜ್ವರದ ಆ ಬೆಳಗ್ಗೆ ನೀನು ಮಲಗಿರಲಿಲ್ಲ, ಅಲ್ಲವೇ ಅಮ್ಮ? ಮಾವನಿಗೆ ಹೇಳಬೇಕಾಗಿಲ್ಲ. ಕಾರಿನಲ್ಲಿ ಕೂತ ಮೇಲೆ ನನಗೆ ಹೇಳು.